ಬೆಲ್ಟಪ್ಪನವರ ಸೀಟು ಹಂಚಿಕೆ

ಈಗಿನ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿಗೆ ಒಬ್ಬರಂತೆ ಬೆಲ್ಟಪ್ಪನವರು ಇದ್ದೇ ಇರುತ್ತಾರೆ. ಆಧಾರ್ ಕಾರ್ಡಿನಲ್ಲಿ ಅವರಿಗೆ ಬೇರೆ ಏನೋ ಚೆಂದದ ಹೆಸರಿದೆ. ಅದು ಕೊರಿಯರ್ ಹುಡುಗರಿಗೆ ಮಾತ್ರ ಗೊತ್ತು. ವಯಸ್ಸು ಮೂವತ್ತೈದರ ಆಸುಪಾಸು, ಕೆಲಸ ಸಾಫ್ಟ್‌ವೇರು, ಮಗಳು ಒಬ್ಬಳು, ಕಾರು ಒಂದು, ಅದರ ಕಂತು ಇನ್ನೂ ಬಾಕಿ. ಗುರುತು ಹಿಡಿಯುವುದು ಕಷ್ಟವಲ್ಲ. ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿಗೆ ಇಳಿದರೆ ಒಂದು ಕಾರಿನ ಹಿಂದಿನ ಬಾಗಿಲು ತೆರೆದಿರುತ್ತದೆ. ಅದರಿಂದ ಒಂದು ಬರ್ಮುಡಾ ಚಡ್ಡಿ, ಎರಡು ಕಾಲು ಹೊರಗೆ ಚಾಚಿರುತ್ತವೆ. ತಲೆ ಕಾಣುವುದಿಲ್ಲ, ಏದುಸಿರು ಮಾತ್ರ ಕೇಳುತ್ತದೆ. ಪಾಪ, ಕಾರು ಕೆಟ್ಟಿರಬೇಕು ಎಂದು ಸಹಾಯಕ್ಕೆ ಹೋದಿರೋ, ಕೆಟ್ಟವರು ನೀವೇ. "ಬಂದ್ರಾ ಸಾರ್, ಸ್ವಲ್ಪ ಈ ಪಟ್ಟಿ ಎಳೆದು ಹಿಡ್ಕೊಳ್ಳಿ" ಎಂದು ಶುರುವಾಗುವ ಮಾತು ನಿಮ್ಮ ತಿಂಡಿಯ ಹೊತ್ತನ್ನು ನುಂಗಿ, ನೀವು ಇಷ್ಟು ವರ್ಷ ಮಕ್ಕಳನ್ನು ಕಾರಿನಲ್ಲಿ ಕೂರಿಸಿದ್ದೆಲ್ಲ ತಪ್ಪು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಅವರು ಬಿಗಿಯುತ್ತಿರುವುದು ಮಕ್ಕಳ ಕಾರ್ ಸೀಟು. ಮಗಳು ಹುಟ್ಟಿದ ಮೂರನೇ ದಿನದಿಂದ ಅದನ್ನೇ ಬಿಗಿಯುತ್ತಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಹೊರಟಾಗ, ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಅತ್ತೆಯವರು ಮಡಿಲು ಹರವಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ಅಳಿಯಂದಿರು ಹಸುಗೂಸನ್ನು ಆ ಮಡಿಲಿಗೆ ಹಾಕದೆ ಪ್ಲಾಸ್ಟಿಕ್ ಸೀಟಿನಲ್ಲಿಟ್ಟು ಬಕಲ್ ಹಾಕಿದರು. "ಏನಪ್ಪಾ ಇದು, ಎಳೇ ಮಗೂನ ಕಟ್ಟಿ ಹಾಕ್ತೀರಲ್ಲ! ನನ್ನ ಮಡಿಲೇನು ಸೋರುತ್ತಾ?"

ಬೆಲ್ಟಪ್ಪನವರು ಅಲ್ಲೇ ಲೆಕ್ಕ ಬಿಡಿಸಿದರು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗುದ್ದಿದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಮೂರು ಕೆ.ಜಿ. ಕೂಸು ಆ ಗಳಿಗೆಯಲ್ಲಿ ನಲವತ್ತು ಕೆ.ಜಿ.ಗೂ ಮೀರಿದ ಜೋರಿನಲ್ಲಿ ಕೈಬಿಟ್ಟು ಹಾರುತ್ತದೆ. ಯಾವ ಅಜ್ಜಿಯ ಕೈಯೂ ತಡೆಯಲಾರದು. ಅತ್ತೆಯವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ಈ ಬೆಂಗಳೂರಲ್ಲಿ ಐವತ್ತು ಎಲ್ಲಿ ಹೋಗ್ತೀರಪ್ಪಾ?" ಎಂದರು. ಈ ಪ್ರಶ್ನೆಗೆ ಬೆಲ್ಟಪ್ಪನವರ ಬಳಿ ಇವತ್ತಿಗೂ ಉತ್ತರವಿಲ್ಲ. ಹಾಗಾಗಿ ಹಾಸನಕ್ಕೆ ಹೊರಟಾಗಲೆಲ್ಲ ನೆಲಮಂಗಲ ದಾಟುತ್ತಿದ್ದಂತೆ, "ಅತ್ತೇ, ಎಂಬತ್ತು ನೋಡಿ, ಎಂಬತ್ತು" ಎಂದು ಸ್ಪೀಡೋಮೀಟರ್ ತೋರಿಸುತ್ತಾರೆ.

ಮೂರೂವರೆ ವರ್ಷದವರೆಗೂ ಮಗಳು ಪ್ರಯಾಣ ಮಾಡಿದ್ದು ಹಿಂದಕ್ಕೆ ಮುಖ ಮಾಡಿಕೊಂಡೇ. ಇದರ ಚರಿತ್ರೆ ಕೇಳಬೇಕೆಂದರೆ ಬೆಲ್ಟಪ್ಪನವರಿಗೆ ಒಂದು ಕಾಫಿ ಕೊಡಿ ಸಾಕು. ಸ್ವೀಡನ್ನಿನಲ್ಲಿ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರೊಫೆಸರು. ಅಮೆರಿಕದ ಜೆಮಿನಿ ಗಗನಯಾತ್ರಿಗಳು ಬೆನ್ನಿಗೆ ಆನಿಕೆ ಕೊಟ್ಟುಕೊಂಡು ರಾಕೆಟ್ಟಿನ ಒತ್ತಡ ತಡೆಯುವುದನ್ನು ನೋಡಿ, ಮಕ್ಕಳಿಗೂ ಹಾಗೇ ಯಾಕೆ ಮಾಡಬಾರದು ಎಂದು ಯೋಚಿಸಿದರು. 1964ರಲ್ಲಿ ವೋಲ್ವೊ ಕಾರಿನಲ್ಲಿ ಹಿಂಮುಖ ಸೀಟಿನ ಮೊದಲ ಮಾದರಿ ಪರೀಕ್ಷೆಗೆ ಬಂತು. ಎಳೆ ಮಕ್ಕಳ ತಲೆ ಮೈಯ ಅಳತೆಗೆ ಹೆಚ್ಚು ಭಾರ, ಕತ್ತಿನ ಮೂಳೆ ಇನ್ನೂ ಮೆತ್ತಗೆ. ಎದುರಿನಿಂದ ಗುದ್ದಿದಾಗ ತಲೆ, ಕತ್ತು, ಬೆನ್ನು ಮೂರನ್ನೂ ಸೀಟೇ ಒಟ್ಟಿಗೆ ಹಿಡಿಯಲಿ ಎಂಬುದು ಯುಕ್ತಿ. ನೆಂಟರಿಗೆ ಮಾತ್ರ ಇದು ಸ್ವೀಡನ್ ಅಲ್ಲ, ಶಿಕ್ಷೆ. "ಮಗು ಏನು ತಪ್ಪು ಮಾಡ್ತು ಅಂತ ಆ ಕಡೆ ತಿರುಗಿಸಿ ಕೂರಿಸಿದೀರಿ?" ಎಂದು ಮದುವೆಮನೆಯ ಪಾರ್ಕಿಂಗಿನಲ್ಲಿ ಬೆಲ್ಟಪ್ಪನವರನ್ನು ವಿಚಾರಿಸಿಕೊಂಡವರುಂಟು. ಮಗುವಿಗೇನೂ ಬೇಜಾರಿರಲಿಲ್ಲ. ಹಿಂದೆ ಬರುವ ಬಿಎಂಟಿಸಿ ಡ್ರೈವರುಗಳಿಗೆಲ್ಲ ಕೈಬೀಸಿ, ತಿರುಗಿ ಬೀಸಿಸಿಕೊಂಡು, ಹೊರವರ್ತುಲ ರಸ್ತೆಯಲ್ಲಿ ಅವಳು ಮಾಡಿಕೊಂಡಷ್ಟು ಸ್ನೇಹಿತರನ್ನು ಅಪ್ಪ ಆಫೀಸಿನಲ್ಲಿ ಮಾಡಿಕೊಂಡಿಲ್ಲ.

ಈಗ ಅವಳಿಗೆ ನಾಲ್ಕು ತುಂಬಿದೆ. ಎಲ್‌ಕೆಜಿ. ಎತ್ತರ 103 ಸೆಂ.ಮೀ., ತೂಕ ಹದಿನಾರೂವರೆ ಕೆ.ಜಿ. ನನಗೆ ಇದು ಗೊತ್ತಿರುವುದು ಪಕ್ಕದ ಮನೆಯವನಾದ್ದರಿಂದ ಅಲ್ಲ. ಲಿಫ್ಟಿನಲ್ಲಿ ಸಿಕ್ಕ ಯಾರಿಗಾದರೂ ಅವರು ಹೇಳುತ್ತಾರೆ. ಅವರ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೀಟುಗಳ ಎರಡು ಸಾಲಿವೆ. ಒಂದು ನಿಂತ ಎತ್ತರ, ಎಲ್ಲರ ಮನೆಯಲ್ಲೂ ಇರುವಂಥದ್ದು. ಇನ್ನೊಂದು ಕೂತ ಎತ್ತರ: ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ನೆಲದಿಂದ ಭುಜಕ್ಕೆ ಅಳೆದದ್ದು. ಮುಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಪಟ್ಟಿ ಭುಜದ ಮಟ್ಟದಿಂದಲೋ ಅದಕ್ಕಿಂತ ಮೇಲಿನಿಂದಲೋ ಹೊರಬರಬೇಕು. ಹಳೇ ಸೀಟಿನ ತೂಕದ ಮಿತಿ 18 ಕೆ.ಜಿ., ಅದಕ್ಕಿನ್ನೂ ಒಂದೂವರೆ ಕೆ.ಜಿ. ದೂರವಿದೆ. ಆದರೆ ಯುಗಾದಿ ಕಳೆದ ಮೇಲೆ ಭುಜವು ಪಟ್ಟಿಯ ಕಟ್ಟಕಡೆಯ ಸಂದನ್ನು ದಾಟಿಬಿಟ್ಟಿತು. ಬೆಲ್ಟಪ್ಪನವರು ಗೀಟು ನೋಡಿದರು, ಟೇಪು ನೋಡಿದರು, ಹೆಂಡತಿಯನ್ನು ನೋಡಿದರು. ಆಕೆ ಬೇಳೆಗೆ ಒಗ್ಗರಣೆ ಹಾಕುತ್ತ, "ಹೊಸ ಸೀಟು ತಾನೆ, ತಂದುಬಿಡಿ" ಎಂದರು. ಏನು ಅಂದುಬಿಟ್ಟೆ ಎಂದು ಆಕೆಗೆ ಆಮೇಲೆ ಗೊತ್ತಾಯಿತು.

ಮುಂದಿನದು ಯಾವುದು? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ: ಮುಂದಿನ ಕ್ಲಾಸು, ಆದಷ್ಟು ಬೇಗ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂದು ಸರ್ಕಾರ ಹೇಳಿದಾಗ ಪೋಷಕರು ಎಷ್ಟು ಗೋಳಾಡಿದರೆಂದರೆ 2025ರಲ್ಲಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಬೇಕಾಯಿತು. ಕಾರ್ ಸೀಟಿನಲ್ಲೂ ಅದೇ ಅವಸರ. ಹಿಂಮುಖದಿಂದ ಮುಮ್ಮುಖಕ್ಕೆ, ಅಲ್ಲಿಂದ ಬೂಸ್ಟರಿಗೆ, ಬೂಸ್ಟರಿನಿಂದ ಬರೀ ಬೆಲ್ಟಿಗೆ, ಬೆಲ್ಟಿನಿಂದ ಮುಂದಿನ ಸೀಟಿಗೆ, "ನಮ್ಮವನು ಆಗಲೇ ದೊಡ್ಡವರ ಥರ ಕೂರ್ತಾನೆ" ಎಂದು ಹೇಳಿಕೊಳ್ಳುವುದಕ್ಕೆ. ಕಾರ್ ಸೀಟಿನ ಶಾಲೆಯ ನಿಯಮ ಮಾತ್ರ ತಿರುಗುಮುರುಗು. ಮೇಲಿನ ಕ್ಲಾಸಿಗೆ ಹೋದಷ್ಟೂ ಮಗುವನ್ನು ಹಿಡಿದಿಡುವ ಕೈಗಳು ಕಡಿಮೆ. ಆದ್ದರಿಂದ ಮಗಳನ್ನು ಫೇಲು ಮಾಡಿಸಿ ಅದೇ ಕ್ಲಾಸಿನಲ್ಲಿ ಎಷ್ಟು ದಿನ ಕೂರಿಸಬಹುದು ಎಂದು ಯೋಚಿಸುವ ಏಕೈಕ ಕನ್ನಡ ತಂದೆ ಬೆಲ್ಟಪ್ಪನವರು. ಇದೇ ಮಗಳನ್ನು ಅಬ್ಯಾಕಸ್‌ಗೆ ಸೇರಿಸಿದ್ದಾರೆ, ಅದು ಬೇರೆ ಮಾತು.

ಹೀಗೆ ಎಕ್ಸೆಲ್ ಶೀಟು ಹುಟ್ಟಿತು. ಅದರಲ್ಲಿ ಮೊದಲ ಜಗಳ ಕಿಲೋಗೂ ಸೆಂಟಿಮೀಟರಿಗೂ. ಯುರೋಪಿನ ಹಳೇ ನಿಯಮ ಆರ್44 ಮಕ್ಕಳನ್ನು ತೂಕದಿಂದ ವಿಂಗಡಿಸುತ್ತದೆ: 9ರಿಂದ 18 ಕೆ.ಜಿ. ಒಂದು ಗುಂಪು, 15ರಿಂದ 36 ಇನ್ನೆರಡು. ಹೊಸದಾದ ಆರ್129 ಎತ್ತರ ನೋಡುತ್ತದೆ: ಸೀಟಿನದೇ ಪಟ್ಟಿ ಬಿಗಿಯುವುದು ಸಾಮಾನ್ಯವಾಗಿ 105 ಸೆಂ.ಮೀ.ವರೆಗೆ, ಬೂಸ್ಟರು 100ರಿಂದ 150. ಎರಡೂ ಲೆಕ್ಕದಲ್ಲಿ ಮಗಳು ಬೂಸ್ಟರಿಗೆ ಪಾಸು. ಮಗುವನ್ನು ಸ್ವಲ್ಪ ಎತ್ತರಿಸಿ, ಕಾರಿನ ಬೆಲ್ಟೇ ಹೊಟ್ಟೆಯ ಮೇಲೆ ಹಾಯದೆ ಸೊಂಟದ ಮೂಳೆಗೆ ತಗ್ಗಿ ಬರುವಂತೆ, ಕತ್ತು ಕುಯ್ಯದೆ ಭುಜದ ನಡುವೆ ಬರುವಂತೆ ಮಾಡುವುದಷ್ಟೇ ಬೂಸ್ಟರಿನ ಕೆಲಸ. ಆದರೆ ಅದು ಕೆಲಸ ಮಾಡಬೇಕಾದರೆ ಮಗು ನೆಟ್ಟಗೆ ಕೂರಬೇಕು, ದಾರಿಯುದ್ದಕ್ಕೂ. ಇದಕ್ಕೆಂದು ಬೆಲ್ಟಪ್ಪನವರು ಮಗಳಿಗೆ ಒಂದು ಪ್ರವೇಶ ಪರೀಕ್ಷೆ ಇಟ್ಟರು. ಸ್ನೇಹಿತರೊಬ್ಬರಿಂದ ಬೂಸ್ಟರ್ ಎರವಲು ತಂದು, ನಿಂತ ಕಾರಿನಲ್ಲಿ ಕೂರಿಸಿ, ಕೈಗೆ ಚಕ್ಕುಲಿ ಕೊಟ್ಟು, ತಾವು ಫೋನಿನ ಸ್ಟಾಪ್‌ವಾಚ್ ಹಿಡಿದು ನಿಂತರು. ಎರಡನೇ ನಿಮಿಷಕ್ಕೆ ಚಕ್ಕುಲಿ ಬಿತ್ತು. ಮಗಳು ಭುಜದ ಬೆಲ್ಟನ್ನು ಕಂಕುಳಿಗೆ ಸರಿಸಿ, ನೆಲಕ್ಕೆ ಬಗ್ಗಿ, ಚಕ್ಕುಲಿ ಹೆಕ್ಕಿ, ಊದಿ, ಬಾಯಿಗಿಟ್ಟುಕೊಂಡಳು. ಫಲಿತಾಂಶ ಅಲ್ಲೇ ಪ್ರಕಟವಾಯಿತು.

ಅಂದರೆ ಐದು ಕಡೆಯಿಂದ ಹಿಡಿಯುವ ಪಟ್ಟಿಯೇ ಇನ್ನಷ್ಟು ದಿನ ಬೇಕು, ಆಮೇಲೆ ಅದೇ ಸೀಟು ಬೂಸ್ಟರೂ ಆಗಬೇಕು. ಅಂಥ ಸೀಟುಗಳಲ್ಲಿ ಹಲವಕ್ಕೆ ಪಟ್ಟಿಯ ಮಿತಿ ಮತ್ತೆ 18 ಕೆ.ಜಿ.ಯೇ, ಕೆಲವಕ್ಕೆ 25. ಶೀಟಿನ ಅರ್ಧ ಸಾಲುಗಳಿಗೆ ಕೆಂಪು ಬಣ್ಣ ಬಿತ್ತು. ಉಳಿದರ್ಧಕ್ಕೆ ಕಾರು ಅಡ್ಡಬಂತು. ಸೀಟನ್ನು ಕಾರಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದೆಯೇ, ಮೇಲಿನ ಟೆದರ್ ಪಟ್ಟಿ ಸಿಕ್ಕಿಸುವ ಕೊಕ್ಕೆ ಎಲ್ಲಿದೆ, ಕಾರಿನ ಹೆಡ್‌ರೆಸ್ಟು ಸೀಟನ್ನು ಮುಂದಕ್ಕೆ ದೂಡುತ್ತದೆಯೇ? 2023ರ ಅಕ್ಟೋಬರಿನಿಂದ ಬಂದಿರುವ, ಕಾರುಗಳನ್ನು ಗುದ್ದಿಸಿ ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆ 49 ಅಂಕಗಳಿವೆ. ಅದರಲ್ಲಿ 12 ಬರೀ ಸೀಟು ಸರಿಯಾಗಿ ಕೂರುತ್ತದೆಯೇ ಎಂಬುದಕ್ಕೆ. ನಮ್ಮಪ್ಪ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಬೆಲ್ಟಪ್ಪನವರು ಈ ಅಂಕಗಳನ್ನು ನೋಡಿದಷ್ಟು ಹೊತ್ತು ನೋಡಿರಲಿಲ್ಲ. ಪರೀಕ್ಷೆಗೆ ಕೂರಿಸುವ ಬೊಂಬೆಗಳು ಒಂದೂವರೆ ವರ್ಷದ್ದು ಒಂದು, ಮೂರು ವರ್ಷದ್ದು ಒಂದು. "ನಾಲ್ಕು ವರ್ಷದವರನ್ನ ಯಾರೂ ಕೇಳೋರೇ ಇಲ್ವಾ ಸಾರ್?" ಎಂದು ಅವರು ಒಂದು ರಾತ್ರಿ ಹತ್ತೂವರೆಗೆ ನನ್ನ ಬಾಗಿಲು ತಟ್ಟಿ ಕೇಳಿದರು.

ಸಲಹೆಗಳಿಗೆ ಕೊರತೆ ಇರಲಿಲ್ಲ. ಶೂ, ಯೂನಿಫಾರ್ಮು, ರೇನ್‌ಕೋಟು ಎಲ್ಲವನ್ನೂ ಎರಡು ವರ್ಷ ಮುಂದಕ್ಕೆ ಕೊಂಡು ಅಭ್ಯಾಸವಿರುವ ಮಾವನವರು, "ಒಂದು ಸೈಜು ದೊಡ್ಡದೇ ತಗೊಳ್ಳಿ, ಬೆಳೆಯೋ ಮಗು" ಎಂದರು. ಕ್ಯಾಲಿಫೋರ್ನಿಯದಿಂದ ಭಾವಮೈದುನ ವಿಡಿಯೊ ಕರೆ ಮಾಡಿ, ಅಲ್ಲಿ ಎಂಟು ವರ್ಷದೊಳಗಿನವರು ಹಿಂದಿನ ಸಾಲಿನಲ್ಲಿ ಕಾರ್ ಸೀಟಿನಲ್ಲೋ ಬೂಸ್ಟರಿನಲ್ಲೋ ಕೂರಲೇಬೇಕು ಎಂಬ ಕಾನೂನನ್ನು ಓದಿ ಹೇಳಿ, "ಇಂಡಿಯಾದಲ್ಲಿ ಇದೆಲ್ಲ ಎಲ್ಲಿ" ಎಂದು ಮುಗಿಸಿದ. ಬೆಲ್ಟಪ್ಪನವರಿಗೆ ಸ್ವಾಭಿಮಾನ ಕೆರಳಿತು. 2019ರಲ್ಲಿ ತಿದ್ದಿದ ನಮ್ಮ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ತುಂಬದ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಹಾಕದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ ಎಂದು ತಿರುಗೇಟು ಕೊಟ್ಟರು. "ಯಾರಿಗಾದ್ರೂ ಹಾಕಿದ್ದು ನೋಡಿದೀರಾ ಭಾವ?" ಎಂದ ಅವನು. ನೆಟ್‌ವರ್ಕ್ ಸರಿ ಇಲ್ಲ ಎಂದು ಇವರು ಕರೆ ಕಟ್ ಮಾಡಿದರು.

ತಿಂಗಳುಗಳು ಉರುಳಿದವು. ಬೆಲ್ಟಪ್ಪನವರ ಹೆಂಡತಿ ತಾಳ್ಮೆಗೆ ಹೆಸರಾದವರು. ಆದರೆ ಒಂದು ದಿನ ಸೊಪ್ಪು ಬಿಡಿಸುತ್ತ ಕೂತಿದ್ದವರು ಬಾಯಿಬಿಟ್ಟರು. "ರೀ, ನೀವು ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋ ಅಷ್ಟರಲ್ಲಿ ಒಪ್ಪಿದ್ರಿ. ಈ ಸೀಟಿಗೆ ಇಷ್ಟು ಹೊತ್ತಾ?"

"ಆಗ ರಿವ್ಯೂ ಇರ್ಲಿಲ್ವೇ" ಎಂದರು ಬೆಲ್ಟಪ್ಪನವರು. ಆ ರಾತ್ರಿ ಅವರಿಗೆ ಸೊಪ್ಪಿನ ಸಾರು ಮಾತ್ರ ಸಿಕ್ಕಿತು, ಪಲ್ಯ ಸಿಗಲಿಲ್ಲ.

ಕೊನೆಗೆ ಅಂಗಡಿಗೆ ಹೋದದ್ದು ಒಂದು ಶನಿವಾರ, ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು. ಮಾಲಿನ ಮೂರನೇ ಮಹಡಿ. ಸೇಲ್ಸ್ ಹುಡುಗ ನಗುನಗುತ್ತ ಬಂದು, "ಇದು ತಗೊಳ್ಳಿ ಸಾರ್, ಹುಟ್ಟಿದಾಗಿಂದ ಹನ್ನೆರಡು ವರ್ಷದ ತನಕ ಒಂದೇ ಸೀಟು, ಇನ್ನೇನೂ ಕೊಳ್ಳೋ ಹಾಗೇ ಇಲ್ಲ" ಎಂದ. ಪಟ್ಟಿಯ ಮಿತಿ ಎಷ್ಟು ಎಂದು ಬೆಲ್ಟಪ್ಪನವರು ಕೇಳಿದರು. ಹುಡುಗ ಬಟ್ಟೆ ತುಂಬ ಸಾಫ್ಟು ಎಂದ. ಟೆದರ್ ಎಲ್ಲಿ ಎಂದು ಕೇಳಿದರು. ನೀಲಿ ಬಣ್ಣದಲ್ಲೂ ಇದೆ ಎಂದ. ಆಗ ಅವರು ಡಿಸ್‌ಪ್ಲೇಗೆ ಇಟ್ಟಿದ್ದ ಸೀಟನ್ನೇ ಎತ್ತಿಕೊಂಡು ಕಾರಿನಲ್ಲಿ ಕೂರಿಸಿ ನೋಡಬೇಕೆಂದು ಹೊರಟರು. ಹುಡುಗ ಮ್ಯಾನೇಜರನ್ನು ಕರೆದ, ಮ್ಯಾನೇಜರು ಸೆಕ್ಯುರಿಟಿಯನ್ನು ಕರೆದರು. ಹತ್ತು ನಿಮಿಷದ ಮಾತುಕತೆಯ ನಂತರ ಮೆರವಣಿಗೆಯೊಂದು ಬೇಸ್‌ಮೆಂಟಿಗೆ ಇಳಿಯಿತು: ಮುಂದೆ ಸೀಟು ಹೊತ್ತ ಬೆಲ್ಟಪ್ಪನವರು, ಹಿಂದೆ ಅವರ ಡ್ರೈವಿಂಗ್ ಲೈಸೆನ್ಸನ್ನು ಒತ್ತೆಯಾಗಿ ಹಿಡಿದ ಹುಡುಗ, ಅವನ ಹಿಂದೆ ಸೆಕ್ಯುರಿಟಿ, ಕೊನೆಯಲ್ಲಿ ಬಲೂನು ಹಿಡಿದ ಮಗಳು ಮತ್ತು ನಾನು.

ಅಲ್ಲಿ ಅವರು ಮಾಡಿದ್ದನ್ನು ನೋಡಿದವರಿಗೆ ಅವರನ್ನು ನೋಡಿ ನಗುವುದಕ್ಕೆ ಅಷ್ಟು ಸುಲಭದಲ್ಲಿ ಬಾಯಿ ಬರುವುದಿಲ್ಲ. ಕೊಂಡಿಗಳನ್ನು ಕಾರಿನ ಸೀಟಿನ ಸಂದಿಯಲ್ಲಿ ತಡಕಿ ಒತ್ತಿದರು. ಎರಡು ಸಲ ಟಕ್ ಎಂದಿತು, ಎರಡೂ ಕಡೆ ಕೆಂಪು ಹೋಗಿ ಹಸಿರು ಬಂತು. ಟೆದರ್ ಪಟ್ಟಿಯನ್ನು ಹೆಡ್‌ರೆಸ್ಟಿನ ಕೆಳಗಿಂದ ಹಾಯಿಸಿ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದರು. ಸೀಟನ್ನು ಬುಡದಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿದರು. ಒಂದು ಅಂಗುಲವೂ ಕದಲಲಿಲ್ಲ. ಮಗಳನ್ನು ಕೂರಿಸಿ, ಸ್ವೆಟರ್ ಬಿಚ್ಚಿಸಿ ಪಟ್ಟಿ ಎಳೆದರು, ದಪ್ಪ ಬಟ್ಟೆಯ ಮೇಲೆ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ ಅಷ್ಟೇ. ಆಮೇಲೆ ಅವಳ ಭುಜದ ಹತ್ತಿರ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ನೋಡಿದರು. ಮಡಿಕೆ ಸಿಕ್ಕರೆ ಸಡಿಲ. ಸಿಗಲಿಲ್ಲ. ಸೆಕ್ಯುರಿಟಿಯವರು ತಾವೂ ಬಗ್ಗಿ ಚಿವುಟಿ ನೋಡಿ, "ಟೈಟಾಗೈತೆ ಸಾರ್" ಎಂದು ಮುದ್ರೆ ಒತ್ತಿದರು. ಸೇಲ್ಸ್ ಹುಡುಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದ; ಈಗ ಅವನೇ ಬೇರೆ ಗಿರಾಕಿಗಳಿಗೆ ಇದನ್ನು ಹೇಳಿಕೊಡುತ್ತಾನಂತೆ.

ಶೀಟಿನಲ್ಲಿ ಅವರು ಮೊದಲನೇ ಸ್ಥಾನ ಕೊಟ್ಟಿದ್ದ ದುಬಾರಿ ಸೀಟು ಅವರ ಕಾರಿನಲ್ಲಿ ಓಲಾಡಿತು. ಗಟ್ಟಿಯಾಗಿ ಕೂತದ್ದು ಏಳನೇ ಸ್ಥಾನದ್ದು. ಮಗಳು ಅದರಲ್ಲಿ ಕೂತು, ಕಾಲಾಡಿಸಿ, ಕಪ್ ಹೋಲ್ಡರಿನಲ್ಲಿ ಬಲೂನಿನ ದಾರ ಸಿಕ್ಕಿಸಿ, "ಇದೇ" ಎಂದಳು. ಅಷ್ಟು ತಿಂಗಳು ನಡೆದ ಶೋಧನೆ ಎರಡು ಅಕ್ಷರದಲ್ಲಿ ಮುಗಿಯಿತು.

ಮುಗಿಯದೆ ಉಳಿದದ್ದು ಸೀಟು ಹಂಚಿಕೆ. ಹೊಸದು ಹಳೆಯದಕ್ಕಿಂತ ಅಗಲ. ಹಾಸನಕ್ಕೆ ಹೊರಟಾಗ ಹಿಂದಿನ ಸಾಲಿನಲ್ಲಿ ಅದಕ್ಕೊಂದು ಕ್ಷೇತ್ರ ಬಿಟ್ಟುಕೊಟ್ಟರೆ ಉಳಿದದ್ದರಲ್ಲಿ ಅತ್ತೆ, ಮಾವ, ಹಲಸಿನ ಹಣ್ಣು ಮೂವರೂ ಹೊಂದಿಕೊಳ್ಳಬೇಕು. ಸೀಟನ್ನು ನಡುವೆ ಇಡೋಣವೆಂದರೆ ಅವರ ಕಾರಿನಲ್ಲಿ ನಡುವೆ ಐಸೋಫಿಕ್ಸ್ ಇಲ್ಲ, ಇರುವುದು ಸೊಂಟದ ಬೆಲ್ಟು ಮಾತ್ರ. ಹಲಸಿನ ಹಣ್ಣಿಗೆ ಡಿಕ್ಕಿಯ ಟಿಕೆಟ್ ಕೊಟ್ಟರೆ ಅದು ಟೆದರ್ ಕೊಕ್ಕೆಯ ಮೇಲೆ ಕೂರುತ್ತದೆ. ಸಂಧಾನ ನಡೆದು, ಮಾವನವರು ಮುಂದಿನ ಸೀಟಿಗೆ ಬಡ್ತಿ ಪಡೆದರು, ಹೆಂಡತಿ ಹಿಂದೆ ಸರಿದು ಮಗಳು, ಅತ್ತೆಯವರ ಪಕ್ಕ ಸೇರಿದರು, ಹಣ್ಣು ಬಸ್ಸಿನಲ್ಲಿ ಬಂತು. ಹಳೇ ಸೀಟನ್ನು ತನಗೆ ಕೊಡಲಿಲ್ಲವೆಂದು ಹೆಂಡತಿಯ ತಂಗಿಗೆ ಮುನಿಸು. ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತದೆ, ಬಳಕೆಯ ಅವಧಿ ಅದರ ತಳದಲ್ಲೇ ಅಚ್ಚೊತ್ತಿದೆ ಎಂದು ತೋರಿಸಿದರೂ ಆಕೆ ಒಪ್ಪಲಿಲ್ಲ. "ಅಜ್ಜಿಯ ತೊಟ್ಟಿಲಲ್ಲೇ ಐದು ತಲೆಮಾರು ಮಲಗಿತ್ತು ಭಾವ" ಎಂದಳು. ಬೆಲ್ಟಪ್ಪನವರು ಕತ್ತರಿ ತಂದು ಹಳೇ ಸೀಟಿನ ಪಟ್ಟಿಗಳನ್ನೆಲ್ಲ ಕತ್ತರಿಸಿ ಹಾಕಿದರು. ಅದು ಜಿಪುಣತನ ಎಂದು ಇಡೀ ಕುಟುಂಬ ತೀರ್ಪು ಕೊಟ್ಟಿತು.

ನಾವೂ ಬಹಳ ದಿನ ನಕ್ಕೆವು. ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಮಕ್ಕಳು ಮುಂದಿನ ಎರಡು ಸೀಟಿನ ನಡುವೆ ನಿಂತುಕೊಂಡು, ಗೇರಿನ ಮೇಲೆ ಬಗ್ಗಿ, ಎಸಿಯ ಗಾಳಿಗೆ ಬಾಯಿ ಒಡ್ಡಿಕೊಂಡೇ ಬೆಳೆದವರು. ಉಳಿದರ್ಧ ಸ್ಕೂಟರಿನ ಮುಂದುಗಡೆ ನಿಂತು ಬೆಳೆದವು. ನಾಲ್ಕು ವರ್ಷದೊಳಗಿನವರಿಗೆ ಹೆಲ್ಮೆಟ್ಟು, ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಪಟ್ಟಿ, ನಲವತ್ತರೊಳಗಿನ ವೇಗ ಎಂಬ ನಿಯಮವನ್ನು ಕೇಂದ್ರ ಸರ್ಕಾರ 2022ರಲ್ಲೇ ಹೊರಡಿಸಿದೆ ಎಂಬುದನ್ನು ನಮಗೆ ಲಿಫ್ಟಿನಲ್ಲಿ ತಿಳಿಸಿದವರೂ ಬೆಲ್ಟಪ್ಪನವರೇ. ಅವರ ಮಗಳು ಸ್ಕೂಲಿಗೆ ಹೋಗುತ್ತಿದ್ದುದು ಮಾತ್ರ ಬೆಂಚಿನ ಮೇಲೆ ಅಡ್ಡಡ್ಡ ಕೂರಿಸುವ ವ್ಯಾನಿನಲ್ಲಿ. ಇದನ್ನು ಯಾರೋ ಎತ್ತಿ ಆಡಿದರು. ಮರುದಿನವೇ ಅವರು ವ್ಯಾನು ಬಿಡಿಸಿ, ಬೆಳಿಗ್ಗೆ ತಾವೇ ಕಾರಿನಲ್ಲಿ ಕರೆದೊಯ್ಯತೊಡಗಿದರು. ಸ್ಕೂಲು ಎರಡು ಕಿಲೋಮೀಟರ್ ಕೂಡ ಇಲ್ಲ, ಅರ್ಧ ಗಂಟೆ ಹಿಡಿಯುತ್ತದೆ. ಪಕ್ಕದಲ್ಲಿ ನಡೆದು ಹೋಗುವ ಮಕ್ಕಳು ಅವರನ್ನು ಹಿಂದಿಕ್ಕಿ ಟಾಟಾ ಮಾಡುತ್ತಾರೆ. ಆದರೂ ಮಗಳ ಪಟ್ಟಿ ಚಿವುಟಿ ನೋಡದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಬರಬರುತ್ತ ಇನ್ನೊಂದು ಬದಲಾವಣೆ ಕಾಣಿಸಿತು. ನಕ್ಕವರೇ ಒಬ್ಬೊಬ್ಬರಾಗಿ, ಬೇರೆಯವರು ಇಲ್ಲದ ಹೊತ್ತು ನೋಡಿ, ಬೇಸ್‌ಮೆಂಟಿಗೆ ಇಳಿಯತೊಡಗಿದರು. "ಯಾವ ಸೀಟು ಒಳ್ಳೇದು ಸಾರ್, ಒಂದು ಹೆಸರು ಹೇಳಿ ಸಾಕು." ಆ ಒಂದು ಹೆಸರನ್ನು ಬೆಲ್ಟಪ್ಪನವರ ಬಾಯಿಂದ ಇವತ್ತಿಗೂ ಯಾರೂ ಕೇಳಿಲ್ಲ. ಮಗುವಿನ ಭುಜ ಎಲ್ಲಿಗೆ ಬರುತ್ತದೆ, ಕಾರಿನ ಬಕಲ್ ಎಷ್ಟು ಉದ್ದ, ದಿನಾ ಕೂರಿಸುವವರು ಯಾರು, ಅವರಿಗೆ ತಾಳ್ಮೆ ಎಷ್ಟು? ಮಗು, ಕಾರು, ಕೂರಿಸುವವರ ತಾಳ್ಮೆ, ಈ ಮೂರೂ ಹೊಂದಿದರೆ ಅದೇ ಒಳ್ಳೆಯ ಸೀಟು ಎನ್ನುತ್ತಾರೆ.

ಮೊನ್ನೆ ನಾಲ್ಕನೇ ಮಹಡಿಯ ಹುಡುಗ ಇಳಿದು ಬಂದ. ಮದುವೆಯಾಗಿ ವರ್ಷವಾಗಿರಬೇಕು.

"ಸಾರ್, ಒಂದು ಸೀಟು ಹೇಳಿ."

"ಮಗು ಎತ್ತರ ಎಷ್ಟು?"

"ಇನ್ನೂ ಹುಟ್ಟಿಲ್ಲ ಸಾರ್. ಮಾರ್ಚಿಗೆ."

"ಕಾರು ಯಾವುದು?"

"ಅದೂ ಬುಕ್ ಮಾಡಿಲ್ಲ."

ಬೆಲ್ಟಪ್ಪನವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಅಳೆಯುವುದಕ್ಕೆ ಇಷ್ಟು ಸ್ವಚ್ಛವಾದ ಗಿರಾಕಿ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹಿಂದಿನ ಬಾಗಿಲನ್ನು ಅಗಲಕ್ಕೆ ತೆರೆದರು. "ಎರಡೂ ಇಲ್ವಾ? ಬಹಳ ಒಳ್ಳೇದಾಯ್ತು! ಹಾಗಾದ್ರೆ ಮೊದಲಿಂದ ಶುರು ಮಾಡೋಣ. ಒಳಗೆ ಕೂತ್ಕೊಳ್ಳಿ. ಇನ್ನೂ ಹಿಂದಕ್ಕೆ. ಬೆಲ್ಟ್ ಹಾಕ್ಕೊಳ್ಳಿ."